ಲಾಭದ ಡಬ್ಬ

ಈರಕ್ಕನಿಗೊಂದು ಚಾಳಿ. ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದು, ಅದು ಏನನ್ನುತ್ತದೋ ಕೇಳಬೇಕು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಎಲ್ಲರೂ ಬಡಿದು ನೋಡುತ್ತಾರೆ, ಅದರಲ್ಲೇನೂ ವಿಶೇಷವಿಲ್ಲ. ಈಕೆ ಕುಂಬಳಕಾಯಿಯನ್ನೂ ಬಡಿಯುತ್ತಿದ್ದಳು, ನೆಂಟರ ಮನೆಯ ಹೊಸ ಬಾಗಿಲನ್ನೂ ಬಡಿಯುತ್ತಿದ್ದಳು. "ಬಿಟ್ರೆ ನನ್ ತಲೇನೂ ಬಡ್ದು ಟೊಳ್ಳೋ ಗಟ್ಟಿಯೋ ನೋಡ್ತಾಳೆ ಇವ್ಳು" ಎಂದು ಗಂಡ ಕೊಂಡಪ್ಪ ರೇಗಿಸಿದರೆ, "ಅದನ್ನ ಮದ್ವೆಯಾದ ವಾರದಾಗೇ ನೋಡಾಯ್ತು" ಎನ್ನುವಷ್ಟು ಬಾಯಿಯೂ ಇತ್ತು.

ಕೊಂಡಪ್ಪ ಹಿಂದೂಪುರದಲ್ಲಿ ಒಬ್ಬ ಮೇಸ್ತ್ರಿಯ ಹತ್ತಿರ ಸಿಮೆಂಟ್ ರಿಂಗು ಮಾಡುವುದನ್ನು ಕಲಿತವನು. ಬಾವಿಯ ಗೋಡೆ ಕುಸಿಯದಂತೆ ಒಂದರ ಮೇಲೊಂದು ಇಳಿಸುತ್ತಾರಲ್ಲ, ಆ ರಿಂಗು. ಕಬ್ಬಿಣದ ಅಚ್ಚೊಂದನ್ನು ಲಾರಿಗೆ ಹೇರಿಸಿಕೊಂಡು ಬಂದು, ಕಲ್ಯಾಣದುರ್ಗದ ಹೊರಗೆ ಕುಂದುರ್ಪಿ ರಸ್ತೆಯ ಮಗ್ಗುಲಲ್ಲಿ ಚಪ್ಪರ ಹಾಕಿದ್ದ. ಸಿಮೆಂಟಿಗೆ ತಹಶೀಲ್ದಾರರ ಆಫೀಸಿನಿಂದ ಪರ್ಮಿಟ್ಟು ತರಬೇಕಾಗಿದ್ದ ಕಾಲ ಅದು. ಸಿಕ್ಕಿದ ಚೀಲವನ್ನು ಬಾಣಂತಿಯ ಹಾಗೆ, ಥಂಡಿ ಗಾಳಿ ಸೋಕದಂತೆ ಒಳಗಿನ ಕೋಣೆಯಲ್ಲಿಟ್ಟು ಜೋಪಾನ ಮಾಡುತ್ತಿದ್ದರು.

ಕೆಲಸ ಮೂವರಿಗೂ ಹಂಚಿಹೋಗಿತ್ತು. ಅಚ್ಚಿಗೆ ತುಂಬಿ ಗಟ್ಟಿಸುವುದು ಕೊಂಡಪ್ಪ. ನೀರು ಹಾಕಿ ಕಲೆಸುವುದು, ಆಮೇಲೆ ದಿನಾ ಬೆಳಿಗ್ಗೆ ಸಂಜೆ ರಿಂಗುಗಳಿಗೆ ಗೋಣಿತಾಟು ಹೊದೆಸಿ ನೀರುಣಿಸುವುದು ಈರಕ್ಕ. ಮರಳು ಜಲ್ಲಿ ಅಳೆದು ಹಾಕುವುದು ಅವಳ ಮಾವ ಕದಿರಪ್ಪ. ಸುತ್ತಮುತ್ತಲ ಊರುಗಳ ಕಣದಲ್ಲಿ ರಾಶಿ ಅಳೆದು ಹೆಸರಾದ ಕೈ ಅದು. ಅಣ್ಣತಮ್ಮಂದಿರು ಪಾಲಿಗೆ ಕಿತ್ತಾಡುವ ಕಣಕ್ಕೂ ಕದಿರಪ್ಪನನ್ನೇ ಕರೆಯುತ್ತಿದ್ದರು. ಅವನು ಅಳೆದ ಮೇಲೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ವಯಸ್ಸಾಗಿ ಹೊಲದ ಕೆಲಸ ಮೈಗೆ ಒಗ್ಗದೆ ಮಗನ ಚಪ್ಪರಕ್ಕೆ ಬಂದವನಿಗೆ ಸೀಮೆಎಣ್ಣೆ ಡಬ್ಬವೇ ಕೊಳಗವಾಯಿತು. ಸಿಮೆಂಟು ಒಂದು ಡಬ್ಬ, ಮರಳು ಎರಡು, ಜಲ್ಲಿ ನಾಲ್ಕು. ಅದು ಹಿಂದೂಪುರದ ಮೇಸ್ತ್ರಿ ಹೇಳಿಕೊಟ್ಟ ಲೆಕ್ಕ. ಸಿಮೆಂಟಿನ ಡಬ್ಬ ಮಾತ್ರ ಕೊಂಡಪ್ಪ ತಾನೇ ತುಂಬುತ್ತಿದ್ದ, ಪರ್ಮಿಟ್ಟಿನ ಮಾಲು ನೋಡಿ.

ಒಂದು ಬೆಳಿಗ್ಗೆ ನೀರು ಹಾಕುತ್ತ ಹಾಕುತ್ತ ಈರಕ್ಕ ಒಂದು ಬೆಣಚುಕಲ್ಲು ಎತ್ತಿಕೊಂಡು ರಿಂಗು ಬಡಿದಳು. ಣಂಯ್ ಎಂದಿತು. ಮಗ್ಗುಲದ್ದನ್ನು ಬಡಿದಳು. ದೊಪ್ ಎಂದಿತು. ಇದೇನಪ್ಪಾ ಎಂದು ಇನ್ನೊಂದನ್ನು ಬಡಿದಳು. ಅದೂ ದೊಪ್. ಮೊಳೆ ತಂದು ಗೀರಿದರೆ ಣಂಯ್ ಎಂದದ್ದರ ಮೇಲೆ ಬಿಳಿ ಗೆರೆ ಬಿತ್ತಷ್ಟೆ. ದೊಪ್ ಎಂದದ್ದರಿಂದ ಮರಳು ಉದುರಿತು.

ಯಾರ ಬಾವಿಗೆ ಹೋಗುವ ರಿಂಗಾಗಿದ್ದರೂ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ಈ ರಿಂಗುಗಳು ಹೋಗಬೇಕಾಗಿದ್ದದ್ದು ಕುಂದುರ್ಪಿ ಕಡೆಯ ಒಂದು ಹಳ್ಳಿಯ ಕುಡಿಯುವ ನೀರಿನ ಬಾವಿಗೆ. ಒಳಗಿಳಿದು ತೋಡುವವನು ಅವಳ ಬೆನ್ನಿಗೆ ಹುಟ್ಟಿದ ತಮ್ಮ ಪೋತಪ್ಪ. ಆ ನೆಲ ಬರೀ ಮರಳು. ರಿಂಗಿನೊಳಗೆ ಕೂತು ಅಡಿಯ ಮರಳು ತೆಗೆದಂತೆಲ್ಲ ರಿಂಗು ಕೆಳಗಿಳಿಯುತ್ತದೆ, ಮೇಲೆ ಇನ್ನೊಂದನ್ನು ಇಡುತ್ತಾರೆ. ಸುತ್ತಲಿನ ಮರಳೆಲ್ಲ ಒಳಗೆ ನುಗ್ಗಲು ಕಾಯುತ್ತಿರುತ್ತದೆ, ನಡುವೆ ಇರುವುದು ಆ ನಾಲ್ಕು ಬೆರಳು ದಪ್ಪದ ಸಿಮೆಂಟು ಮಾತ್ರ. ಅದು ಒಡೆದರೆ ಪೋತಪ್ಪನನ್ನು ಹೊರಗೆ ತೆಗೆಯುವುದಕ್ಕೆ ಯಾರಿಂದಲೂ ಆಗದು. ಹಿಂದಿನ ವಾರ ಬಂದಿದ್ದಾಗ ಅವನು ರಿಂಗಿನ ಮೇಲೆ ಕೂತು ಕಾಲಾಡಿಸುತ್ತ, "ಏಂ ಕಾದಕ್ಕಾ, ಏನೂ ಆಗಲ್ಲ, ನೀನ್ ನೀರುಣ್ಸಿದ್ ರಿಂಗು, ನಂಗೇನು ಭಯ" ಎಂದಿದ್ದ. ಆ ಮಾತು ನೆನಪಾಗಿ ಅವಳು ಉಳಿದ ರಿಂಗುಗಳನ್ನೂ ಒಂದೊಂದಾಗಿ ಬಡಿದು ನೋಡಿದಳು.

ಯಾಕೆ ಹೀಗೆ? ಈರಕ್ಕನಿಗೆ ಅನ್ನ ಸೇರಲಿಲ್ಲ. ಮೊದಲು ಹಳ್ಳದ ಮರಳಿನ ಮೇಲೆ ಅನುಮಾನಪಟ್ಟಳು. ಒಂದು ಹಿಡಿಯನ್ನು ಚೊಂಬಿನ ನೀರಿಗೆ ಹಾಕಿ ಕದಡಿದಳು, ಮಣ್ಣೇನೂ ಹೆಚ್ಚಿರಲಿಲ್ಲ. ಆಮೇಲೆ ನೀರಿನ ಮೇಲೆ ಅನುಮಾನ. ಬಾಯಿಗೆ ಹಾಕಿ ನೋಡಿದಳು, ಎಂದಿನ ಸಪ್ಪೆ ನೀರೇ. ಗಂಡ ಸಿಡಿಮಿಡಿಗೊಂಡ ದಿನ ಸರಿಯಾಗಿ ಗಟ್ಟಿಸುವುದಿಲ್ಲವೇನೋ ಎಂದೂ ಅನ್ನಿಸಿತು. ಆದರೆ ಅವನು ಸಿಡಿಮಿಡಿಗೊಳ್ಳದ ದಿನ ಯಾವುದು, ಲೆಕ್ಕಕ್ಕೆ ಸಿಗಬೇಕಲ್ಲ! ಕೊನೆಗೆ ಣಂಯ್ ಎಂದ ರಿಂಗಿಗೆಲ್ಲ ಸುಣ್ಣದ ಬೊಟ್ಟಿಟ್ಟು, ಅದನ್ನು ಎಂದು ಹಾಕಿದ್ದು ಎಂದು ಕೂತು ನೆನೆಸಿಕೊಂಡಳು. ಒಂದು ಹಾಕಿದ ದಿನ ಸಂತೆಯಿಂದ ಎಲೆಯಡಿಕೆ ಬಂದಿತ್ತು. ಇನ್ನೊಂದು ಹಾಕಿದ ದಿನ ಒಣಮೆಣಸಿನಕಾಯಿ ಬಂದಿತ್ತು. ಬೊಟ್ಟಿಟ್ಟವೆಲ್ಲ ಸಂತೆ ದಿನದವೇ! ಸಂತೆಯ ದಿನ ರಿಂಗಿಗೆ ಅಷ್ಟೊಂದು ಸಂಭ್ರಮವೇಕೆ?

ಸಂತೆಗೆ ಹೋಗುತ್ತಿದ್ದವನು ಮಾವ ಕದಿರಪ್ಪ. ಆ ದಿನ ಎಲ್ಲವನ್ನೂ ಕೊಂಡಪ್ಪನೇ ಅಳೆದುಕೊಳ್ಳುತ್ತಿದ್ದ.

ಮಾರನೆಯ ದಿನ ಕದಿರಪ್ಪ ಡಬ್ಬ ಹಿಡಿದಾಗ ಈರಕ್ಕ ಸಲಿಕೆಗೆ ಒರಗಿ ನಿಂತು ಕಿವಿಗೊಟ್ಟಳು. ಮುದುಕ ಪೂರ್ವಕ್ಕೆ ಮುಖ ಮಾಡಿ, ಮರಳಿನ ಡಬ್ಬವನ್ನು ಗೋಪುರ ಕಟ್ಟುವಂತೆ ತುಂಬಿ, "ಲಾಭ" ಎಂದು ಸುರಿದ. ಆಮೇಲೆ "ಒಂದು". ಆಮೇಲೆ "ಎರಡು". ಜಲ್ಲಿಗೆ ಹೋದ. "ಲಾಭ. ಒಂದು. ಎರಡು. ಮೂರು. ನಾಲ್ಕು."

ಈರಕ್ಕನ ಕೈಯಿಂದ ಸಲಿಕೆ ಜಾರಿತು. ಅವರ ಕಡೆಯ ಕಣದಲ್ಲಿ ಅಳೆಯುವ ರೀತಿಯೇ ಅದು. ರಾಶಿಯ ಮೊದಲ ಕೊಳಗಕ್ಕೆ ಎಣಿಕೆಯಿಲ್ಲ. ಅದು ಭೂಮಿತಾಯಿಯ ಹೆಸರಿನದು, ಲಾಭ ಎಂದು ಹೇಳಿ ಸುರಿಯಬೇಕು, ಎರಡನೆಯ ಕೊಳಗದಿಂದ ಒಂದು. ಹುಟ್ಟಿದಾಗಿನಿಂದ ಕೇಳಿಕೊಂಡು ಬಂದದ್ದರಿಂದ ಇಷ್ಟು ದಿನ ಪಕ್ಕದಲ್ಲೇ ನಿಂತು ಕಲೆಸುತ್ತಿದ್ದರೂ ಅವಳಿಗೆ ಅದು ಕೇಳಿಸಿಯೇ ಇರಲಿಲ್ಲ. ಪ್ರತಿ ಕಲೆಸಿಗೂ ಮರಳು ಮೂರು ಡಬ್ಬ, ಜಲ್ಲಿ ಐದು ಡಬ್ಬ, ಅದರ ಮೇಲೆ ಗೋಪುರ ಬೇರೆ. ಸಿಮೆಂಟು ಮಾತ್ರ ಅದೇ ಒಂದು.

ಗಂಡನನ್ನು ಹಿತ್ತಲಿಗೆ ಕರೆದು ಹೇಳಿದಳು. ಕೊಂಡಪ್ಪನ ಮುಖ ಸಪ್ಪಗಾಯಿತು.

"ಅಪ್ಪನ ಮುಂದೆ ಅಳತೆ ತೆಪ್ಪು ಅಂತ ಹೇಳಕಾಯ್ತದೇನೇ? ಪ್ರಾಣ ಬಿಟ್ಬುಡ್ತಾನೆ ಆಯಪ್ಪ. ಮೇಲೊಂದು ಪದ್ರ ಸಿಮೆಂಟ್ ಹಾಲು ಬಳ್ದು ಕಳ್ಸಣ. ಯಾರಿಗ್ ಗೊತ್ತಾಯ್ತದೆ?"

"ಮರಳಿಗೆ ಗೊತ್ತಾಯ್ತದೆ" ಎಂದಳು ಈರಕ್ಕ. ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು. "ಒಳಗಿಳಿಯೋನು ನಿನ್ ತಮ್ಮ ಆಗಿದ್ರೆ ಹಿಂಗೇ ಹಾಲು ಬಳಿತಿದ್ದಾ?"

ಕೋಪವೇನೋ ಬಂದಿತ್ತು ಅವಳಿಗೆ, ಆದರೆ ಮಾವನ ಮುಂದೆ ನಿಂತು ತಪ್ಪು ಎನ್ನಲು ಅವಳಿಗೂ ನಾಲಿಗೆ ಏಳುತ್ತಿರಲಿಲ್ಲ. ತವರಿನಲ್ಲಿ ಅಪ್ಪನಿಲ್ಲದ ಅವಳನ್ನು ಮಗಳೆಂದೇ ನೋಡಿಕೊಂಡ ಮನುಷ್ಯ ಅವನು. ಜೊತೆಗೆ ಇನ್ನೊಂದು ಪ್ರಶ್ನೆ ತಲೆ ಕೊರೆಯುತ್ತಿತ್ತು. ಒಂದೊಂದು ಡಬ್ಬ ಹೆಚ್ಚಾದ ಮಾತ್ರಕ್ಕೆ ಕಲ್ಲಿನಂಥದು ಯಾಕೆ ಉದುರಬೇಕು? ಒಂದು, ಎರಡು, ನಾಲ್ಕು ಎಂದು ಆ ಮೇಸ್ತ್ರಿಗಾದರೂ ಹೇಳಿಕೊಟ್ಟವರು ಯಾರು, ಯಾಕೆ ಹಾಗೆ?

ಒಲೆಯ ಮುಂದೆ ಕೂತಾಗ ಮೂಲೆಯ ಕಡ್ಲೆಕಾಯಿ ಚೀಲ ಕಣ್ಣಿಗೆ ಬಿತ್ತು. ಕಡ್ಲೆಕಾಯಿ ಜಲ್ಲಿಯಾಗಲಿ, ರಾಗಿ ಮರಳಾಗಲಿ, ರಾಗಿಹಿಟ್ಟು ಸಿಮೆಂಟಾಗಲಿ ಎಂದುಕೊಂಡಳು. ತಪ್ಪಲೆಗೆ ನಾಲ್ಕು ಪಾವು ಕಡ್ಲೆಕಾಯಿ ಹಾಕಿದಳು. ಮೇಲೆ ಎರಡು ಪಾವು ರಾಗಿ ಸುರಿದು ಅಲ್ಲಾಡಿಸಿದರೆ, ಅಬ್ಬಬ್ಬಾ, ಅಷ್ಟೂ ರಾಗಿ ಸಂದಿಗಳಲ್ಲಿ ಇಳಿದುಹೋಯಿತು, ತಪ್ಪಲೆಯ ಮಟ್ಟ ಏರಲೇ ಇಲ್ಲ! ಒಂದು ಪಾವು ಹಿಟ್ಟು ಹಾಕಿದಳು. ಅದು ರಾಗಿಯ ಸಂದಿಗಳಲ್ಲಿ ಸೇರಿಕೊಂಡಿತು. ಈರಕ್ಕ ಒಬ್ಬಳೇ ಕೂತು ಕಿಲಕಿಲ ನಕ್ಕಳು. ದೊಡ್ಡದರ ಸಂದಿಗೆ ಸಣ್ಣದು, ಸಣ್ಣದರ ಸಂದಿಗೆ ಪುಡಿ. ಮೇಸ್ತ್ರಿಯ ಲೆಕ್ಕದ ಹೊಟ್ಟೆಯೊಳಗೆ ಇದ್ದದ್ದು ಇಷ್ಟೇ. ನಗು ನಿಂತ ಮೇಲೆ ಮತ್ತೆ ತಮ್ಮ ನೆನಪಾದ. ಎದ್ದು ಮಾವನನ್ನು ಕೂಗಿದಳು.

"ಮಾವ, ನಿನ್ ಕೈಯಾಗೆ ಒಸಿ ಅಳ್ದು ಕೊಡು ಬಾ."

"ಏನಮ್ಮಾ ಇದು, ತಿನ್ನೋ ಪದಾರ್ಥದಾಗೆ ಆಟ?" ಎಂದು ಗದರಿದರೂ ಕದಿರಪ್ಪ ಕೂತ. ಅಳೆಯುವ ಕೆಲಸವೆಂದರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಇನ್ನೊಂದು ತಪ್ಪಲೆಗೆ ಕಡ್ಲೆಕಾಯಿ, ಲಾಭದಿಂದ ನಾಲ್ಕರವರೆಗೆ. ರಾಗಿ, ಲಾಭದಿಂದ ಎರಡರವರೆಗೆ. ಹಿಟ್ಟನ್ನು ಈರಕ್ಕನೇ ಒಂದು ಪಾವು ಹಾಕಿದಳು. ಎರಡು ತಪ್ಪಲೆಗೂ ಬಿಸಿನೀರು ಚಿಮುಕಿಸಿ ಕಲೆಸಿ, ಒಂದೊಂದು ಮುದ್ದೆ ಕಟ್ಟಿ ತಟ್ಟೆಯಲ್ಲಿಟ್ಟಳು. ಮೊದಲನೆಯದು ಗುಂಡಗೆ ನಿಂತಿತು. ಎರಡನೆಯದು ಕೈ ಬಿಟ್ಟೊಡನೆ ಬಿರಿದು, ರಾಗಿಕಾಳು ಬಿಡಿಬಿಡಿಯಾಗಿ ತಟ್ಟೆಯ ತುಂಬ ಉರುಳಿತು.

"ಇದಕ್ಕೆ ಹಿಟ್ಟು ಸಾಲ್ದಲ್ಲಮ್ಮ" ಎಂದ ಕದಿರಪ್ಪ.

"ಲಾಭದ ಕಾಳು ಜಾಸ್ತಿ ಬಿತ್ತು, ಹಿಟ್ಟಿಗೆ ಲಾಭ ಬೀಳ್ಲಿಲ್ಲ ಮಾವ. ಸಿಮೆಂಟಿಗೂ ನೀವ್ಯಾರೂ ಲಾಭ ಅನ್ನಲ್ಲ, ಅಲ್ವಾ?"

"ಭೂಮಿತಾಯಿ ಕೊಟ್ಟಿದ್ದಕ್ಕೆ ಲಾಭ ಅಂತಾರೆ. ಪರ್ಮಿಟ್ ಬರ್ಸಿ ತರೋದಕ್ಕೆ ಯಾವ ದ್ಯಾವ್ರು?" ಎಂದವನು, ಮಾತು ಮುಗಿಸುವಷ್ಟರಲ್ಲಿ ತಟ್ಟೆಯನ್ನು ಇನ್ನೊಮ್ಮೆ ನೋಡಿದ. ಸೊಸೆಯ ಮುಖ ನೋಡಿದ. ಅಲ್ಲೊಂದು ಇಲ್ಲೊಂದಕ್ಕೆ ಮಾತ್ರ ಸುಣ್ಣದ ಬೊಟ್ಟಿದ್ದ ರಿಂಗುಗಳ ಕಡೆ ನೋಡಿದ. ದಡ್ಡ ಮನುಷ್ಯನಲ್ಲ ಅವನು. ಏನೂ ಕೇಳದೆ ಎದ್ದು ಹೋಗಿ, ಮೂಲೆಯಲ್ಲಿದ್ದ ಸಮ್ಮಟಿಗೆ ಎತ್ತಿಕೊಂಡ.

"ಬೊಟ್ಟಿಲ್ಲದ್ದು ಯಾವ್ದಮ್ಮ, ತೋರ್ಸು."

ಕೊಂಡಪ್ಪ ಓಡಿ ಬಂದು, "ಬ್ಯಾಡಪ್ಪೋ" ಎಂದು ಕೈ ಹಿಡಿದ. ಕದಿರಪ್ಪ ಕೊಡವಿಕೊಂಡ. ಆ ಮುದಿ ತೋಳಿನ ಏಟು ಎಷ್ಟಿದ್ದೀತು? ಮೊದಲ ಏಟಿಗೆ ರಿಂಗು ಬಾಯಿ ಬಿಟ್ಟಿತು. ಎರಡನೆಯದಕ್ಕೆ ಅರ್ಧ ಗೋಡೆ ಕುಸಿದು ಒಳಗೆ ಬಿತ್ತು. ಮುದುಕ ಅಲ್ಲೇ ಕುಕ್ಕರಿಸಿದ. "ಇದ್ರೊಳಗೆ ಆ ಹುಡ್ಗ ನಿಂತ್ಕಂತಿದ್ನಲ್ಲಮ್ಮಾ" ಎಂದು ಗೊಳೋ ಎಂದು ಅತ್ತ. ಈರಕ್ಕನೂ ಪಕ್ಕದಲ್ಲಿ ಕೂತು ಅತ್ತಳು. ಅತ್ತು ಮುಗಿದ ಮೇಲೆ ಬೊಟ್ಟಿಲ್ಲದ್ದನ್ನೆಲ್ಲ ಮೂವರೂ ಸೇರಿ ಒಡೆದರು.

ಒಡೆದದ್ದಾಯಿತು, ಸಿಮೆಂಟೆಲ್ಲಿ? ಮುಂದಿನ ಪರ್ಮಿಟ್ಟಿಗೆ ದೇವರೇ ಗತಿ. ಕದಿರಪ್ಪ ಒಳಗೆ ಹೋಗಿ ತನ್ನ ಮಂಚದ ಕೆಳಗಿನಿಂದ ಚೀಲಗಳನ್ನು ಒಂದೊಂದಾಗಿ ಎಳೆದ. ಊರ ಬೇವಿನಮರದ ಬುಡಕ್ಕೆ ತನ್ನ ಹೆಸರಲ್ಲಿ ಒಂದು ಕಟ್ಟೆ ಕಟ್ಟಿಸಬೇಕೆಂದು ಎರಡು ವರ್ಷದಿಂದ ಅವರಿವರ ಕೈಕಾಲು ಹಿಡಿದು ಸಂಪಾದಿಸಿಟ್ಟ ಸಿಮೆಂಟು ಅದು. ಆ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕುವ ಕನಸನ್ನು ಊರಿಗೆಲ್ಲ ಹೇಳಿ ಮುಗಿಸಿದ್ದ.

"ಕಟ್ಟೆ ಮಾವ?" ಎಂದಳು ಈರಕ್ಕ.

"ನೆಲ ಐತಲ್ಲ, ಕೂತ್ಕಂತೀನಿ ಬಿಡು."

ಇನ್ನು ಅಳೆಯುವುದು ಕೊಂಡಪ್ಪನೇ ಎಂದು ಎಲ್ಲರೂ ಅಂದುಕೊಂಡಿದ್ದರು. ಮುದುಕ ಬಂದು ಮಗನ ಕೈಯಿಂದ ಡಬ್ಬ ಕಿತ್ತುಕೊಂಡ. ಪೂರ್ವಕ್ಕೆ ತಿರುಗಿದ. ಮರಳು ತುಂಬಿ, ಮೇಲಿನ ಗೋಪುರವನ್ನು ಅಂಗೈಯಿಂದ ಸವರಿ ಮಟ್ಟ ಮಾಡಿದ. ಆಮೇಲೆ ಸುಮ್ಮನೆ ನಿಂತುಬಿಟ್ಟ. ಜೀವಮಾನದಲ್ಲಿ ಒಮ್ಮೆಯೂ ರಾಶಿಯ ಮೊದಲ ಅಳತೆಗೆ ಬೇರೆ ಮಾತು ಆಡಿದವನಲ್ಲ. ಈರಕ್ಕ ಸಲಿಕೆ ಹಿಡಿದು ಕಾದಳು.

"ಒಂದು" ಎಂದ ಕದಿರಪ್ಪ. ಎಂದವನೇ ಡಬ್ಬ ಸುರಿದು, ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ.

ರಿಂಗುಗಳು ಒಣಗಿ, ನೀರು ಕುಡಿದು, ಈರಕ್ಕನ ಬೆಣಚುಕಲ್ಲಿಗೆ ಒಂದೊಂದೂ ಣಂಯ್ ಎಂದ ಮೇಲೆ ಕುಂದುರ್ಪಿ ಕಡೆಗೆ ಹೊರಟವು. ಬಾವಿ ತೋಡುವ ದಿನ ಮೂವರೂ ಹೋದರು. ಪೋತಪ್ಪ ಹಗ್ಗ ಹಿಡಿದು ಇಳಿದ. ರಿಂಗಿನ ಮೇಲೆ ರಿಂಗು ಇಳಿಯಿತು. ಕದಿರಪ್ಪ ಸ್ವಲ್ಪ ದೂರದಲ್ಲಿ ಜಾಲಿಮರದ ಕೆಳಗೆ ಬರಿನೆಲದ ಮೇಲೆ ಕೂತಿದ್ದ. ಎಲೆಯಡಿಕೆಯ ಚೀಲವನ್ನು ಬಿಚ್ಚಿಯೇ ಇರಲಿಲ್ಲ.

ನೀರಿನ ಪಸೆ ಕಾಣಿಸುವ ಹೊತ್ತಿಗೆ ಒಂದು ಮಗ್ಗುಲಿನ ಮರಳು ಧಡಾರನೆ ಜಾರಿತು. ಮೇಲಿನ ನೆಲ ಗುಳಿಬಿತ್ತು, ಹಗ್ಗ ಹಿಡಿದವರು ಹಿಂದಕ್ಕೆ ಹಾರಿದರು. ಒಳಗಿಂದ ಧೂಳು ಎದ್ದಿತು. ಈರಕ್ಕ "ಪೋತಾ!" ಎಂದು ಕಿರುಚಿದಳು. ಸುತ್ತಲಿದ್ದವರು ಬಗ್ಗಿ ಇಣುಕಿದರು.

"ಯಾಕಕ್ಕಾ ಹಂಗ್ ಬಡ್ಕಂತೀಯ?" ಎಂದು ಕೆಳಗಿನಿಂದ ದನಿ ಬಂತು. "ರಿಂಗು ಕಮಕ್ ಕಿಮಕ್ ಅನ್ಲಿಲ್ಲ. ನೀರು ಬಂದೈತೆ, ಹಗ್ಗ ಬಿಡ್ರಪ್ಪೋ."

ಎಳೆದುಕೊಂಡರು. ತಲೆಯಿಂದ ಕಾಲಿನವರೆಗೆ ಒದ್ದೆ ಮರಳು ಮೆತ್ತಿಕೊಂಡು, ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತ ಪೋತಪ್ಪ ದಡದ ಮೇಲೆ ನಿಂತ. ಈರಕ್ಕ ಹೋಗುವಷ್ಟರಲ್ಲಿ ಕದಿರಪ್ಪ ಎಡವುತ್ತ ಎಡವುತ್ತ ಅವಳಿಗಿಂತ ಮುಂಚೆ ಬಂದುಬಿಟ್ಟಿದ್ದ. ಅಂಗೈಯನ್ನು ಆ ಹುಡುಗನ ನೆತ್ತಿಯ ಮೇಲಿಟ್ಟ. ಪೂರ್ವಕ್ಕೆ ಮುಖ ತಿರುಗಿಸಿದ.

"ಲಾಭ" ಎಂದ.