ಸೋಫಾ ರಿಪೇರಿ ಪ್ರಳಯ

ಈ ಲೋಕ ಮುಗಿಯುವುದು ಅವನ ಕೈಯಿಂದಲೇ ಎಂದು ಮೊದಲು ಹೇಳಿದವಳು ಅವನ ಅತ್ತೆ, ಅಪ್ಪನ ತಂಗಿ. ಅವನು ಹುಟ್ಟಿದ ಮಾರನೆಯ ದಿನ ಹೆರಿಗೆ ವಾರ್ಡಿಗೆ ನೋಡಲು ಬಂದವಳು ಮಗುವನ್ನು ಎತ್ತಿಕೊಳ್ಳಲಿಲ್ಲ. ಬಗ್ಗಿ ನೋಡಿ, "ಕಿವಿ ಅಣ್ಣನದೇ. ಲೋಕ ಮುಗಿಸೋನು ಇವನೇ," ಅಂದಳು. ಆಮೇಲೆ ಕಾಫಿ ಕೇಳಿದಳು.

ಬೇರೆ ಯಾರಾದರೂ ಹಾಗಂದಿದ್ದರೆ ಮನೆಯವರು ಬೈದು ಕಳಿಸುತ್ತಿದ್ದರು. ಅತ್ತೆಯ ಮಾತು ಹಾಗಲ್ಲ. ಎದುರುಮನೆಯ ದರ್ಜಿ ಬಲಗೈ ಮುರಿದುಕೊಳ್ಳುತ್ತಾನೆ ಅಂದಿದ್ದಳು, ಮುರಿದುಕೊಂಡ. ಅಣ್ಣನ ಕಾರ್ಖಾನೆಗೆ ಬೀಗ ಬೀಳುತ್ತದೆ ಅಂದಿದ್ದಳು, ಬಿತ್ತು. ತನ್ನ ಗಂಡ ಉಪ್ಪು ತರಲು ಹೋದವನು ವಾಪಸು ಬರುವುದಿಲ್ಲ ಅಂದಿದ್ದಳು. ಅವನೂ ಬರಲಿಲ್ಲ, ಉಪ್ಪೂ ಬರಲಿಲ್ಲ.

ಹಾಗಾಗಿ ಎಲ್ಲರೂ ನಂಬಿದರು. ಅಮ್ಮ ಅವನ ಕೈಗೆ ಬೆಂಕಿಪೆಟ್ಟಿಗೆ ಕೊಡಲಿಲ್ಲ. ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಪ್ರಯೋಗ ಮಾಡಿಸುವಾಗ ಅವನನ್ನು ಮೈದಾನಕ್ಕೆ ಕಳಿಸಿ, "ಅಲ್ಲೂ ಏನೂ ಮುಟ್ಟಬೇಡ," ಅನ್ನುತ್ತಿದ್ದರು. ಜೊತೆಯ ಹುಡುಗರು ಪ್ರಳಯ ಅಂತ ಕರೆದರು, ಅದೇ ಅಂಟಿಕೊಂಡಿತು. ಕೊನೆಕೊನೆಗೆ ಅಮ್ಮನೂ, "ಪ್ರಳಯಾ, ಊಟಕ್ಕೆ ಬಾರೋ," ಅನ್ನುವಂತಾಯಿತು. ವಯಸ್ಸಿಗೆ ಬಂದಾಗ ಒಂದು ಕಡೆ ಮದುವೆಯ ಮಾತು ನಡೆಯಿತು.

"ಹುಡುಗ ಕುಡೀತಾನಾ?" ಅಂದ ಹುಡುಗಿಯ ಅಪ್ಪ.

"ಇಲ್ಲ," ಅಂದ ಪ್ರಳಯನ ಅಪ್ಪ. ಮುಚ್ಚಿಡುವ ಜಾಯಮಾನ ಅವನದಲ್ಲ. "ಆದ್ರೆ ಲೋಕ ಮುಗಿಸ್ತಾನಂತೆ."

"ಯಾವಾಗ?"

"ಅದು ಗೊತ್ತಿಲ್ಲ."

"ಗೊತ್ತಾದ್ಮೇಲೆ ಹೇಳಿ ಕಳಿಸಿ, ನೋಡೋಣ."

ಪ್ರಳಯ ಸೋಫಾ ರಿಪೇರಿಯ ಕೆಲಸ ಕಲಿತ. ಮೂರನೇ ಮಹಡಿಯಲ್ಲಿ ಮನೆ, ಅದೇ ಕಟ್ಟಡದ ಕೆಳಗೆ ಅಂಗಡಿ. ಹರಿದ ರೆಕ್ಸಿನ್ ಕಿತ್ತು, ಸಡಿಲಾದ ಸ್ಪ್ರಿಂಗ್ ಬಿಗಿದು, ಹೊಸ ಫೋಮ್ ಕತ್ತರಿಸಿ ಕೂರಿಸಿ, ಮೇಲೆ ಬಟ್ಟೆ ಎಳೆದು ಸಣ್ಣ ಮೊಳೆ ಹೊಡೆಯುತ್ತಿದ್ದ. ಮೊಳೆಗಳನ್ನು ತುಟಿಯ ನಡುವೆ ಕಚ್ಚಿಕೊಂಡಿರುತ್ತಿದ್ದುದರಿಂದ ದಿನವಿಡೀ ಮಾತಿಲ್ಲ. ಮೊಳೆ ಮುಗಿದಾಗ ಆಡುತ್ತಿದ್ದ ಮಾತು ಕೇಳಿದವರು, ಮೊಳೆಯೇ ವಾಸಿ ಅಂದುಕೊಳ್ಳುತ್ತಿದ್ದರು. "ಇದು ಸೋಫಾನಾ? ಎತ್ತಿ ಬಿಸಾಕಿ." "ನಿಮ್ಮ ಮಕ್ಕಳು ಇದರ ಮೇಲೆ ಕುಣಿದಿದಾರೆ. ಮೊದಲು ಮಕ್ಕಳನ್ನ ರಿಪೇರಿ ಮಾಡಿಸಿ." ಕೆಲಸ ಚೆನ್ನಾಗಿತ್ತು, ಗಿರಾಕಿಗಳು ಸಹಿಸಿಕೊಂಡರು. ಬ್ಯಾಂಕಿನಲ್ಲಿ, ಬಸ್ಸಿನಲ್ಲಿ ಜನ ಅವನನ್ನು ಕಂಡು ದಾರಿ ಬಿಡುತ್ತಿದ್ದರು. ಬೇಡ ಅನ್ನುವ ಸಂಕೋಚ ಅವನಿಗೂ ಇರಲಿಲ್ಲ. ಮುಖ ಗಂಟಿಕ್ಕಿಕೊಂಡು ಸಾಲಿನ ಮುಂದಕ್ಕೆ ಹೋಗಿ ನಿಲ್ಲುತ್ತಿದ್ದ.

ಅವನಿಗೆ ಹೆದರದೆ ಇದ್ದವಳು ಪಕ್ಕದ ಪರದೆ ಅಂಗಡಿಯಾಕೆ. ಗಂಡ ತೀರಿಕೊಂಡ ಮೇಲೆ ತಾನೇ ಟೇಪು ಹಿಡಿದು ಊರವರ ಕಿಟಕಿ ಅಳೆದು ಪರದೆ ಹೊಲಿದು ಕೊಡುತ್ತಿದ್ದ ಹೆಂಗಸು. ಪ್ರಳಯನ ಅಪ್ಪ ಅಮ್ಮ ಹೋದ ಮೇಲೆ ಒಂದು ದಿನ ಬಂದು ನೇರವಾಗಿ ಹೇಳಿದಳು.

"ನಿಮಗೂ ಯಾರೂ ಇಲ್ಲ, ನನಗೂ ಇಲ್ಲ. ಇಬ್ಬರಿಗೂ ಒಂದೇ ಕಡೆ ಅಡಿಗೆ ಆದ್ರೆ ಗ್ಯಾಸಾದ್ರೂ ಉಳಿಯುತ್ತೆ."

"ಲೋಕ ಮುಗಿಸೋನಿಗೆ ಸಂಸಾರ ಯಾಕ್ರೀ?"

"ಮುಗಿಸೋ ತನಕ ಊಟ ಬೇಡ್ವಾ?"

ಅವನು ಒಂದು ಹಿಡಿ ಮೊಳೆ ತೆಗೆದು ಬಾಯಿಗೆ ಹಾಕಿಕೊಂಡ. ಅಲ್ಲಿಗೆ ಮಾತು ಮುಗಿಯಿತು ಅಂತ ಅರ್ಥ. ಆಕೆ ಹೋದಳು. ಆಮೇಲೂ ಸಾರು ಜಾಸ್ತಿಯಾದ ದಿನ ಒಂದು ಡಬ್ಬಿ ಬಂದೇ ಬರುತ್ತಿತ್ತು.

ಅವನ ಕೂದಲು ಪೂರ್ತಿ ಬೆಳ್ಳಗಾದ ಮೇಲೆ ಒಂದು ದಿನ ಮದುವೆಯಾಗಿ ಹೋಗಿದ್ದ ಅಕ್ಕ ಫೋನ್ ಮಾಡಿದಳು. ಅತ್ತೆ ಆಗ ಅಕ್ಕನ ಮನೆಯಲ್ಲಿದ್ದಳು.

"ಅತ್ತೇನ ನಿನ್ನ ಹತ್ರ ಕಳಿಸ್ತಿದೀನಿ ಕಣೋ. ನಮ್ಮ ಬೀದೀಲಿ ಯಾರೂ ನಮ್ಮನೇಗೆ ಕಾಲಿಡ್ತಿಲ್ಲ. ಮೊನ್ನೆ ನನ್ನ ಬೀಗಿತ್ತಿ ಮುಂದೇನೇ ಏನೋ ಹೇಳಿಬಿಟ್ಟಳು."

"ನನ್ನ ಹತ್ರಾನೇ ಯಾಕೆ?"

"ನಿನಗೆ ಅಂದಿದ್ದಕ್ಕಿಂತಾ ಕೆಟ್ಟದ್ದು ಇನ್ನೇನು ಹೇಳೋಕಿದೆ ಅವಳಿಗೆ?"

ಅತ್ತೆ ಒಂದು ಸೂಟ್‌ಕೇಸು, ಒಂದು ದಿಂಬಿನ ಜೊತೆ ಟ್ಯಾಕ್ಸಿಯಿಂದ ಇಳಿದಳು. ಹಕ್ಕಿಯಂತೆ ಸಣಕಲಾಗಿದ್ದಳು. ಅವನನ್ನು ಮೇಲಿಂದ ಕೆಳಗೆ ನೋಡಿ, "ಕೂದಲು ಸರಿಯಾಗಿ ಬೆಳ್ಳಗಾಗಿದೆ. ಇನ್ನೇನು, ಹತ್ರ ಬಂತು," ಅಂದಳು.

ಬೆಳಗ್ಗೆ ನಿಧಾನವಾಗಿ ಮೆಟ್ಟಿಲಿಳಿದು ಬಂದು ಅಂಗಡಿಯಲ್ಲಿ ಗಿರಾಕಿಗಳ ಸೋಫಾ ಮೇಲೆ ಕೂರುತ್ತಿದ್ದಳು. ಒಬ್ಬ ಹೆಂಗಸು ಬಟ್ಟೆಯ ಬಣ್ಣ ಆರಿಸುತ್ತಿದ್ದಾಗ, "ತಿಳಿ ಬಣ್ಣ ಯಾಕಮ್ಮ, ಗಾಢ ಬಣ್ಣ ತಗೋ. ನಿನ್ನ ಗಂಡನ ನಾಯಿ ಬರೋದಿದೆ," ಅಂದಳು. ಗಂಡನಿಗೆ ನಾಯಿ ಕಂಡರೆ ಆಗುವುದಿಲ್ಲ ಎಂದು ಆಕೆ ನಗುತ್ತಾ ಹೋದಳು. ಮುಂದಿನ ವಾರ ಗಾಢ ಬಣ್ಣಕ್ಕೆ ಬದಲಾಯಿಸಿ ಎಂದು ಫೋನ್ ಬಂತು. ಎಲ್ಲರ ಪಾಲಿಗೂ ಅವಳಿಗೆ ನಾಯಿಯಂಥ ಸಣ್ಣದ್ದೇ ಕಾಣುತ್ತಿರಲಿಲ್ಲ. ಕ್ರಮೇಣ ಗಿರಾಕಿಗಳು ಹೊಸ್ತಿಲಾಚೆಯಿಂದಲೇ ಮಾತಾಡತೊಡಗಿದರು. ಅಂಗಡಿಯಲ್ಲಿ ಒಬ್ಬರ ಬದಲು ಇಬ್ಬರು, ಇಬ್ಬರಿಗೂ ಜನ ಹೆದರುವವರೇ.

ಒಂದು ಮಧ್ಯಾಹ್ನ ಪ್ರಳಯ ಬಾಯಿಂದ ಮೊಳೆಗಳನ್ನು ಉಗಿದು ಕೇಳಿದ. ಜೀವಮಾನವಿಡೀ ಕೇಳಬೇಕೆಂದಿದ್ದದ್ದು.

"ಅವತ್ತು ಏನು ಕಂಡೆ? ಸರಿಯಾಗಿ ಹೇಳು."

"ಒಂದು ಬಾಗಿಲು. ಅದರ ಮುಂದೆ ನೀನು ನಿಂತಿದ್ದೆ, ಹೀಗೇ ಬಿಳಿ ಕೂದಲು. ಎರಡು ಕೈಯಲ್ಲೂ ಏನೋ ಹೊತ್ತಿದ್ದೆ. ಅದನ್ನ ಕೆಳಗಿಟ್ಟೆ. ಆಮೇಲೆ ಏನೂ ಇರಲಿಲ್ಲ."

"ಏನೂ ಇರಲಿಲ್ಲ ಅಂದ್ರೆ? ಕತ್ತಲೆನಾ?"

"ಕತ್ತಲೆ ಇದ್ದಿದ್ರೆ ಕತ್ತಲೆ ಇತ್ತು ಅಂತಿದ್ದೆ. ಏನೂ ಇರಲಿಲ್ಲ."

"ಯಾಕೆ ಕೆಳಗಿಟ್ಟೆ?"

ಅತ್ತೆ ಯೋಚಿಸಿದಳು. "ಸುಸ್ತಾಗಿತ್ತು ಅನ್ಸುತ್ತೆ. ಮುಖ ಹಾಗಿತ್ತು."

ಪ್ರಳಯನಿಗೆ ಅವಮಾನವಾಯಿತು. ಲೋಕ ಮುಗಿಸುವುದಾದರೆ ಸಿಟ್ಟಿನಿಂದ ಮುಗಿಸುತ್ತೇನೆ ಅಂದುಕೊಂಡಿದ್ದ. ಅದಕ್ಕೆಂದೇ ಸಿಟ್ಟನ್ನು ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದ. ಸುಸ್ತಾಗಿ ಮುಗಿಸುವುದೆಂದರೆ ಏನು ಮರ್ಯಾದೆ? ಆದರೂ ಆ ದಿನದಿಂದ ಸೋಫಾಗಳನ್ನು ಮನೆಗೆ ತಲುಪಿಸುವುದನ್ನು ನಿಲ್ಲಿಸಿದ. ಬೇಕಾದವರು ಬಂದು ಹೊತ್ತುಕೊಂಡು ಹೋಗಲಿ ಅಂದ. ಮನೆಗೆ ತರಕಾರಿ ಚೀಲ ತಂದರೆ ಬಾಗಿಲ ಮುಂದೆ ಇಡುತ್ತಿರಲಿಲ್ಲ. ಚೀಲವನ್ನು ಹಲ್ಲಲ್ಲಿ ಕಚ್ಚಿಕೊಂಡು ಬೀಗ ತೆಗೆಯುತ್ತಿದ್ದ.

ಚಳಿ ಶುರುವಾದಾಗ ಅತ್ತೆಗೆ ಜ್ವರ ಬಂತು. ಒಂದು ಬೆಳಗ್ಗೆ ಏಳಲಾಗಲಿಲ್ಲ, ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಪ್ರಳಯ ಅವಳನ್ನು ಕಂಬಳಿಯ ಸಮೇತ ಎತ್ತಿಕೊಂಡು ಮಹಡಿ ಇಳಿದ. ಪರದೆ ಅಂಗಡಿಯಾಕೆ ಅಂಗಡಿಯ ಬಾಗಿಲು ಎಳೆದು ಟ್ಯಾಕ್ಸಿ ನಿಲ್ಲಿಸಿದಳು. ಆಸ್ಪತ್ರೆ ತಲುಪಿದಾಗ, "ನೀವು ಒಳಗೆ ನಡೀರಿ, ನಾನು ಚೀಟಿ ಮಾಡಿಸ್ಕೊಂಡು ಬರ್ತೀನಿ," ಎಂದು ಕೌಂಟರಿನ ಉದ್ದದ ಸಾಲಿಗೆ ಹೋದಳು.

ತುರ್ತು ವಿಭಾಗದ ಬಾಗಿಲು ಮುಚ್ಚಿತ್ತು. ಹೊರಗೆ ಪಡಸಾಲೆ ತುಂಬ ಜನ. ವಾರ್ಡಿನ ಸಿಬ್ಬಂದಿಯವನೊಬ್ಬ ಬಂದು ಬೆಂಚು ತೋರಿಸಿದ.

"ಒಳಗೆ ಹಾಸಿಗೆ ಖಾಲಿ ಆಗ್ಬೇಕು. ಅಲ್ಲೀವರೆಗೆ ಅಜ್ಜೀನ ಇಲ್ಲಿ ಮಲಗಿಸಿ."

ಪ್ರಳಯ ಬಗ್ಗಿದ. ಅರ್ಧ ಬಗ್ಗಿದವನು ಹಾಗೇ ನಿಂತ. ಎದುರಿಗೆ ಬಾಗಿಲು. ಎರಡು ಕೈಯಲ್ಲೂ ಅತ್ತೆ. ಬಿಳಿ ಕೂದಲು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಚೆನ್ನಾಗಿ ಸುಸ್ತೂ ಆಗಿತ್ತು. ನೆಟ್ಟಗೆ ನಿಂತುಕೊಂಡ.

"ಇಳಿಸಲ್ಲ."

"ಯಾಕೆ?"

"ಇಳಿಸಲ್ಲ ಅಂದ್ನಲ್ಲ."

ಸಿಬ್ಬಂದಿಯವನು ಹೋಗಿ ನರ್ಸನ್ನು ಕರೆತಂದ. ನರ್ಸು ಹೇಳಿ ನೋಡಿ, ಹೋಗಿ ಡಾಕ್ಟರನ್ನು ಕರೆತಂದಳು. ಡಾಕ್ಟರು ಎಳೆಯ ಹೆಣ್ಣುಮಗಳು. ರಾತ್ರಿಯ ಪಾಳಿ ಮುಗಿದರೂ ಮನೆಗೆ ಹೋಗಿರಲಿಲ್ಲ. ಜಗಳಕ್ಕೆ ಶಕ್ತಿ ಇಲ್ಲದೆ ಅವನು ಎತ್ತಿಕೊಂಡಿದ್ದಂತೆಯೇ ಅತ್ತೆಯ ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿದಳು, ಕಫ ಕಟ್ಟಿದೆ ಅಂದಳು, ಡ್ರಿಪ್ ಹಾಕಲು ಹೇಳಿದಳು. ನರ್ಸು ಬಾಟಲಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿದಳು.

"ನೀವು ಕೂತ್ಕೊಂಡಾದ್ರೂ ಎತ್ತಿಕೊಳ್ಳಬಹುದಲ್ಲ?" ಅಂದಳು ಡಾಕ್ಟರು.

"ನಾನು ಕೂತ್ರೆ ಅವಳೂ ಕೆಳಗೆ ಬರ್ತಾಳೆ."

ಅಷ್ಟರಲ್ಲಿ ಪಡಸಾಲೆಯಲ್ಲಿ ಯಾರೋ ಗುರುತು ಹಿಡಿದರು. "ಅಯ್ಯೋ, ಅದು ಪ್ರಳಯ! ಸೋಫಾ ರಿಪೇರಿ!" ಗುಸುಗುಸು ಹರಡಿತು. ಒಬ್ಬ ಬಂದು, ಇಳಿಸಿದರೆ ಏನಾಗುತ್ತದೆ ಎಂದು ಕೇಳಿದ. ಪ್ರಳಯ ಹೇಳಿದ. ಆ ಮನುಷ್ಯ ಎರಡು ಹೆಜ್ಜೆ ಹಿಂದೆ ಸರಿದು, "ಕೈ ಬಿಡಬೇಡಿ ಸ್ವಾಮಿ," ಅಂದ. ಅಲ್ಲಿಂದ ಎಲ್ಲರೂ ಅದನ್ನೇ ಹೇಳತೊಡಗಿದರು. ಗಟ್ಟಿಯಾಗಿ ಹಿಡ್ಕೊಳ್ಳಿ, ಉಸಿರು ಬಿಗಿ ಹಿಡೀಬೇಡಿ, ಭಾರ ಎಡಗಾಲಿಗೆ ಹಾಕಿ. ಸಲಹೆಗೆ ಬರವಿರಲಿಲ್ಲ. ಹತ್ತಿರ ಬಂದವರು ಮಾತ್ರ ಯಾರೂ ಇಲ್ಲ. ಮೂಲೆಯ ಬೆಂಚಿನಲ್ಲಿ ಕೆಮ್ಮುತ್ತಿದ್ದ ಒಬ್ಬ ಮುದುಕ, "ಇಳಿಸಿಬಿಡಪ್ಪ. ನನಗೂ ಸಾಕಾಗಿದೆ," ಅಂದ. ಅವನ ಮಗಳು, "ಸುಮ್ನಿರಪ್ಪಾ, ನಿನಗೊಬ್ಬನಿಗೆ ಅಂತ ಎಲ್ಲಿ ಮಾಡ್ತಾರೆ," ಎಂದು ಗದರಿದಳು.

ಪ್ರಳಯನ ತೋಳು ನಡುಗಲು ಶುರುವಾಯಿತು. ಮೊದಲು ಬೆರಳುಗಳು ಜೋಮು ಹಿಡಿದವು, ಆಮೇಲೆ ಮೊಣಕೈ, ಆಮೇಲೆ ಸೊಂಟದ ಒಂದು ಕಡೆ ಕಾದ ಸಲಾಕೆ ಇಟ್ಟ ಹಾಗಾಯಿತು. ಅತ್ತೆಯ ತಲೆ ಅವನ ಕುತ್ತಿಗೆಗೆ ಒರಗಿತ್ತು. ಜ್ವರದ ಬಿಸಿ ಅಂಗಿಯೊಳಗೆ ಇಳಿಯುತ್ತಿತ್ತು. ಇದೇ ಹೆಂಗಸಿನ ಒಂದು ಮಾತಿಗೆ ತನ್ನ ಬದುಕು ಹೀಗಾಯಿತು ಎಂದು ಅವನು ಎಷ್ಟೋ ಸಲ ಹಲ್ಲು ಕಡಿದಿದ್ದ. ಈಗ ಹಲ್ಲು ಕಡಿಯುತ್ತಿದ್ದುದು ಅವಳು ಜಾರದಿರಲಿ ಎಂದು. ಲೋಕದ ಚಿಂತೆ ಒಂದು ಹಂತದ ಮೇಲೆ ಮರೆತೇ ಹೋಯಿತು. ಡ್ರಿಪ್ಪಿನ ಸೂಜಿ ಅಲುಗಾಡಬಾರದು ಅನ್ನುವುದಷ್ಟೇ ಉಳಿಯಿತು.

"ಭಾರ ಆಗ್ತಿದೀನೇನೋ?" ಅಂದಳು ಅತ್ತೆ, ಕಣ್ಣು ಬಿಡದೆ.

"ಮೂರು ಸೀಟಿನ ಸೋಫಾ ಎತ್ತಿದೋನು ನಾನು. ಬಾಯ್ಮುಚ್ಕೊಂಡಿರು."

ಪರದೆ ಅಂಗಡಿಯಾಕೆ ಚೀಟಿ ಹಿಡಿದುಕೊಂಡು ಬಂದಾಗ ಜನ ಅರ್ಧವೃತ್ತವಾಗಿ ನಿಂತು ನೋಡುತ್ತಿದ್ದರು. ಆಕೆ ಸರಿಸಿಕೊಂಡು ಒಳಗೆ ಬಂದಳು.

"ಏನ್ರೀ ಇದು, ನಿಂತೇ ಇದೀರಿ?"

"ಕೆಳಗಿಡೋ ಹಾಗಿಲ್ಲ. ಬಾಗಿಲು. ಅತ್ತೆ ಕಂಡಿದ್ದು ಇದೇ."

ಆಕೆ ಬಾಗಿಲನ್ನೂ ನೋಡಿದಳು, ಅವನ ಮುಖವನ್ನೂ ನೋಡಿದಳು. ಚೀಟಿಯನ್ನು ಸೆರಗಿಗೆ ಸಿಕ್ಕಿಸಿಕೊಂಡಳು. "ನೀವು ಇಡಬೇಡಿ. ಕೊಡಿ ಇಲ್ಲಿ," ಎಂದು ಅತ್ತೆಯ ಬೆನ್ನ ಕೆಳಗೆ ಒಂದು ಕೈ, ಮಂಡಿಯ ಕೆಳಗೆ ಒಂದು ಕೈ ಹಾಕಿ ಎದೆಗೆ ಎಳೆದುಕೊಂಡಳು. ಆಮೇಲೆ ಮೆಲ್ಲಗೆ ಬೆಂಚಿನ ಮೇಲೆ ಮಲಗಿಸಿದಳು. ಪಡಸಾಲೆಯಲ್ಲಿ ಕೆಲವರು ಕಣ್ಣು ಮುಚ್ಚಿಕೊಂಡರು. ಏನೂ ಆಗಲಿಲ್ಲ. ಕೌಂಟರಿನಲ್ಲಿ ಯಾರದೋ ಹೆಸರು ಕೂಗಿದರು, ಹೆಸರಿನವನು ಓಡಿದ. ಇಷ್ಟು ಸುಲಭದ ಕೆಲಸ ಅಲ್ಲಿದ್ದ ಒಬ್ಬರಿಗೂ ಹೊಳೆದಿರಲಿಲ್ಲ. ಪ್ರಳಯನ ತೋಳುಗಳು ಮಾತ್ರ ಕೆಳಗೆ ಬರದೆ ಹಾಗೇ ಮುಂದಕ್ಕೆ ಚಾಚಿಕೊಂಡಿದ್ದವು. ಆಕೆಯೇ ಅವನ್ನೂ ಒಂದೊಂದಾಗಿ ಮಡಿಸಿ ಇಳಿಸಿದಳು.

ಸಂಜೆಗೆ ಅತ್ತೆಗೆ ಹಾಸಿಗೆ ಸಿಕ್ಕಿತ್ತು, ಜ್ವರ ಇಳಿದಿತ್ತು. ಪ್ರಳಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಟೀ ಲೋಟವನ್ನು ಎತ್ತಲೂ ಆಗುತ್ತಿರಲಿಲ್ಲ.

"ಆ ಬಾಗಿಲು ನೀಲಿ," ಅಂದಳು ಅತ್ತೆ.

"ಯಾವ ಬಾಗಿಲು?"

"ನಾನು ಕಂಡಿದ್ದು. ನೀಲಿ ಬಣ್ಣದ್ದು, ಹಿತ್ತಾಳೆ ಹಿಡಿ ಇತ್ತು. ಇಲ್ಲೀದು ಬೂದು ಬಣ್ಣ."

"ನನ್ನ ಸೊಂಟ ಹೋಯ್ತು. ಆಗಲೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?"

"ಎತ್ತಿಕೊಂಡಿದ್ದೆಯಲ್ಲ," ಅಂದಳು ಅತ್ತೆ, ಗೋಡೆಯ ಕಡೆ ತಿರುಗಿ. "ಚೆನ್ನಾಗಿತ್ತು."

ಬೈಯಲು ಹೊರಟವನು ಆ ಸೋತ ಕೈಯಲ್ಲೇ ಕಂಬಳಿಯನ್ನು ಅವಳ ಭುಜದವರೆಗೆ ಎಳೆದು, ಅಂಚನ್ನು ಹಾಸಿಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿದ, ಸೋಫಾ ಬಟ್ಟೆ ಎಳೆದು ಕೂರಿಸುವ ಹಾಗೆ.

ಮನೆಗೆ ಬಂದ ಮೇಲೆ ಒಂದು ದಿನ ಪರದೆ ಅಂಗಡಿಯ ಹೊಸ್ತಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ. "ಆ ಗ್ಯಾಸಿನ ವಿಷಯ ಒಂದಿತ್ತಲ್ಲ." ಆಕೆ ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ, "ಯೋಚನೆ ಮಾಡಿ ಹೇಳ್ತೀನಿ," ಅಂದಳು. ಅವನು ಕಾಯಿಸಿದ್ದಕ್ಕೆ ಬಡ್ಡಿ ಸೇರಿಸಿ ಕಾಯಿಸಿದಳು. ಅತ್ತೆಯನ್ನು ಕೇಳಿದರೆ, "ಹೇಳಲ್ಲ, ನೀನೇ ಒದ್ದಾಡು," ಅಂದಳು. ಬೇಸಿಗೆಯ ಹೊತ್ತಿಗೆ ಮೂವರ ಅಡಿಗೆ ಒಂದೇ ಒಲೆಯ ಮೇಲೆ ಆಗುತ್ತಿತ್ತು. ಪ್ರಳಯನ ಬಾಯಿ ಏನೂ ಸಿಹಿಯಾಗಲಿಲ್ಲ. ಉಪ್ಪು ಜಾಸ್ತಿ, ಫ್ಯಾನು ಜೋರು, ದಿಂಬು ಗಟ್ಟಿ ಎಂದು ಗೊಣಗುತ್ತಲೇ ಇದ್ದ. ಇಬ್ಬರು ಹೆಂಗಸರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಅತ್ತೆ ಆಮೇಲೆ ಕೆಲವು ವರ್ಷ ಇದ್ದು, ಒಂದು ಮಧ್ಯಾಹ್ನ ಊಟವಾದ ಮೇಲೆ ಕುರ್ಚಿಯಲ್ಲೇ ಹೋದಳು. ಸುದ್ದಿ ತಿಳಿದು ಅಕ್ಕ ಬಂದಳು. ಅತ್ತೆಯ ಪಕ್ಕ ಕೂತು ಅತ್ತಳು, ಮೂಗು ಒರೆಸಿಕೊಂಡಳು, ಆಮೇಲೆ ತಮ್ಮನನ್ನು ಅಡಿಗೆಮನೆಗೆ ಕರೆದಳು.

"ಕೊನೇಲಿ ನನ್ನ ಬಗ್ಗೆ ಏನಾದ್ರೂ ಹೇಳಿದ್ಲೇನೋ?"

"ಹೂಂ."

"ಏನು?"

"ನಿನ್ನ ಮಂಡಿನೋವು ವಾಸಿ ಆಗಲ್ವಂತೆ."

"ಅಷ್ಟೇನಾ?"

"ಅಷ್ಟೇ."

ಅಕ್ಕ ಸ್ಟೂಲಿನ ಮೇಲೆ ಕುಸಿದು ಕೂತು ದೇವರೇ ಅಂದಳು, ಮಂಡಿಯನ್ನು ಪ್ರೀತಿಯಿಂದ ಒತ್ತಿಕೊಂಡಳು. ಅತ್ತೆ ಹಾಗೆ ಏನೂ ಹೇಳಿರಲಿಲ್ಲ. ಅಕ್ಕನ ಸುದ್ದಿಯನ್ನೇ ಎತ್ತಿರಲಿಲ್ಲ.

"ಮತ್ತೆ ನಿಂದು?" ಅಂದಳು ಅಕ್ಕ, ತುಸು ಅಂಜುತ್ತಾ.

"ನಂದು ಹಾಗೇ ಇದೆ," ಅಂದ ಪ್ರಳಯ. ಸಾವಿಗೆ ಬಂದವರು ಹೊರಗೆ ನಿಂತೇ ಇದ್ದರು. ಅವರಿಗೆ ಕುರ್ಚಿ ಹಾಕಲು ಹೋದ.