ತುಂಬಿದ ತೂಕ

ತನ್ನ ಅಳಿಯ ದಿನಾ ಮುಂಜಾನೆ ಎದ್ದು ಗುಡ್ಡ ಹತ್ತುತ್ತಾನೆ ಎಂದು ಕಾಶವ್ವ ಗುಂಜಿಯ ಅರ್ಧ ಊರಿಗೆ ಹೇಳಿಕೊಂಡು ಬಂದಿದ್ದಳು. ಆ ಗುಡ್ಡ ಬೆಳಗಾವಿಯ ನೆಹರು ನಗರದಲ್ಲಿ, ಮಗಳ ಮನೆಯ ಪಡಸಾಲೆಯಲ್ಲಿ, ಟಿವಿಯೊಳಗೆ ಇದೆ ಎಂಬುದು ಅವಳಿಗೆ ಗೊತ್ತಾದದ್ದು ಈ ಭಾನುವಾರ. ಹಿಂದಿನ ಗಾಲಿಯೇ ಇಲ್ಲದ ಸೈಕಲ್ಲು, ಗಾಲಿ ಇರಬೇಕಾದ ಜಾಗದಲ್ಲಿ ಒಂದು ಕರಿ ಯಂತ್ರ, ಎದುರಿಗೆ ಟಿವಿ ತುಂಬ ಹಸಿರು ಬೆಟ್ಟ. ಅಳಿಯ ಶಶಿಧರ ಬೆವರು ಸುರಿಸುತ್ತ ಪೆಡಲು ತುಳಿಯುತ್ತಿದ್ದ. ಟಿವಿಯಲ್ಲಿ ಅವನಂಥದೇ ಟೋಪಿ ಹಾಕಿಕೊಂಡ ಗೊಂಬೆಯೊಂದು ಬೆಟ್ಟದ ರಸ್ತೆ ಏರುತ್ತಿತ್ತು.

"ಎಲ್ಲಿತನಕ ಬಂದ್ರಿ ಅಳಿಯಾರ?" ಎಂದು ಕಾಶವ್ವ ಕೇಳಿದಳು.

"ನಾಕು ಕಿಲೋಮೀಟರ್ ಆತ್ರಿ ಅತ್ತಿ. ಇನ್ನ ಎರಡು ಐತಿ."

ಕಾಶವ್ವ ಯಂತ್ರದ ಕೆಳಗಿನ ರಬ್ಬರ್ ಚಾಪೆ ನೋಡಿದಳು, ಗೋಡೆ ನೋಡಿದಳು, ಅಳಿಯನನ್ನು ನೋಡಿದಳು. "ನಾ ಒಳಗ ಬಂದಾಗೂ ಇಲ್ಲೇ ಇದ್ರಲ್ಲ!"

ಅಡುಗೆಮನೆಯಲ್ಲಿದ್ದ ಮಗಳು ಪದ್ಮಶ್ರೀ ನಗು ತಡೆಯಲಾರದೆ ಲಟ್ಟಣಿಗೆ ಕೆಳಗಿಟ್ಟಳು. ಆಮೇಲೆ, ಇವತ್ತು ತಾನು ನಗಬಾರದು ಎಂದು ನೆನಪಾಗಿ ಮತ್ತೆ ಚಪಾತಿ ಲಟ್ಟಿಸತೊಡಗಿದಳು. ಅವ್ವನನ್ನು ಕರೆಸಿದ್ದು ಊಟಕ್ಕಲ್ಲ, ಅವಳ ಹಾಲಿನ ಸೈಕಲ್ಲಿನ ವಿಷಯ ಒಂದು ಕಡೆ ಮಾಡುವುದಕ್ಕೆ.

ಕಾಶವ್ವ ಇಪ್ಪತ್ತೆರಡು ವರ್ಷಗಳಿಂದ ಗುಂಜಿಯಿಂದ ಖಾನಾಪುರಕ್ಕೆ ಸೈಕಲ್ಲಿನ ಮೇಲೆ ಹಾಲು ಒಯ್ಯುವವಳು. ಎಮ್ಮೆ ನೋಡಿಕೊಳ್ಳುವುದು ಗಂಡ ದುಂಡಪ್ಪನ ಕೆಲಸ. ಎಂಥ ಹಾಯುವ ಎಮ್ಮೆಗೂ ಹೆದರದ ಆ ಮನುಷ್ಯನಿಗೆ ಸೈಕಲ್ಲು ಕಂಡರೆ ಮಾತ್ರ ಎದೆ ಢವಢವ. ಹಾಗಾಗಿ ಸೀರೆ ಕಚ್ಚೆ ಹಾಕಿ, ಹಿಂದೆ ಎರಡು ಕ್ಯಾನು ಕಟ್ಟಿ ಹೊರಡುವವಳು ಇವಳೇ. ಅರ್ಧ ಓಣಿಗೆ ಮರಾಠಿಯಲ್ಲಿ, ಅರ್ಧ ಓಣಿಗೆ ಕನ್ನಡದಲ್ಲಿ ಹಾಲು ಹಾಕಿ, ಎರಡೂ ಭಾಷೆಯಲ್ಲಿ ಜಗಳವಾಡಿ ಮನೆಗೆ ಬರುವಳು. ಹೋದ ತಿಂಗಳ ಮಳೆಯಲ್ಲಿ ಸೇತುವೆಯ ಹತ್ತಿರ ಜಾರಿ ಬಿದ್ದು ಕೈ ಉಳುಕಿತು. ಅಂದಿನಿಂದ ಪದ್ಮಶ್ರೀಗೆ ನಿದ್ದೆಯಿಲ್ಲ. ಊರಿನ ಗಜಾನನನ ಟೆಂಪೋ ಹೇಗೂ ಖಾನಾಪುರಕ್ಕೆ ಹೋಗುತ್ತದೆ, ಕ್ಯಾನು ಅದರಲ್ಲಿ ಹೋಗಲಿ, ಸೈಕಲ್ಲು ಗುಜರಿಗೆ ಹೋಗಲಿ ಎಂದು ಅವಳ ಹಟ.

"ಹಾಲು ಟೆಂಪೋದಾಗ ಹೋದ್ರ ನಾ ಏನ್ ಮಾಡ್ಲಿ? ಎಮ್ಮಿ ಬಾಜು ಕುಂತು ನಿಮ್ಮಪ್ಪನ ಮಾರಿ ನೋಡ್ಲೇನು?" ಎಂದಳು ಕಾಶವ್ವ. "ನನ್ನ ಕಾಲಾಗ ಇನ್ನೂ ಕಸುವೈತಿ."

"ಐವತ್ತಾರು ಮುಗೀತು ನಿನಗ!"

"ಬೇಕಾದ್ರ ನಿನ್ನ ಗಂಡನ ಗುಡ್ಡಾ ಹತ್ತಿ ತೋರಸ್ತೇನಿ."

ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತು. ಆದರೆ ಪದ್ಮಶ್ರೀ ಅದನ್ನು ಅಲ್ಲೇ ಹಿಡಿದುಕೊಂಡಳು. ಆ ಗುಡ್ಡಕ್ಕೆ ಶಶಿಧರನ ಅತ್ಯುತ್ತಮ ಸಮಯ ನಲವತ್ತೆಂಟು ನಿಮಿಷ. ಅವ್ವನಿಗೆ ಒಂದು ತಾಸು ಕೊಡೋಣ. ತಾಸಿನೊಳಗೆ ತುದಿ ಮುಟ್ಟಿದರೆ ಸೈಕಲ್ಲಿನ ಮಾತು ಈ ಮನೆಯಲ್ಲಿ ಯಾರೂ ಎತ್ತಬಾರದು. ಮುಟ್ಟದಿದ್ದರೆ ನಾಳೆಯೇ ಗುಜರಿಗೆ. ಕಾಶವ್ವ ಒಪ್ಪಿಕೊಂಡು ಸೀರೆಯ ಕಚ್ಚೆ ಬಿಗಿ ಮಾಡಿದಳು.

ಶಶಿಧರ ಫೋನು ಹಿಡಿದು ಅತ್ತೆಯ ಹೆಸರು ಬರೆದ, ವಯಸ್ಸು ಬರೆದ. ಆಮೇಲೆ ನೆಲ ನೋಡುತ್ತ, "ತೂಕ ಕೇಳತೈತ್ರಿ ಅತ್ತಿ," ಎಂದ.

"ನೂರಾ ಮೂವತ್ತೆಂಟು," ಎಂದಳು ಕಾಶವ್ವ ತಡವಿಲ್ಲದೆ.

ಇದು ಸುಳ್ಳಲ್ಲ. ಗುಂಜಿ ಸ್ಟೇಷನ್ನಿನ ಬಳಿ ಭತ್ತದ ವ್ಯಾಪಾರಿ ಭರಮಪ್ಪನ ಅಂಗಳದಲ್ಲಿ ನೆಲಕ್ಕೆ ಹಾಕಿದ ದೊಡ್ಡ ತೂಕದ ಕಾಟಾ ಇದೆ. ದಿನಾ ಹೋಗುವಾಗ ಕಾಶವ್ವ ತುಂಬಿದ ಸೈಕಲ್ಲನ್ನು ಅದರ ಮೇಲೆ ಉರುಳಿಸಿ, ಹ್ಯಾಂಡಲ್ ಹಿಡಿದು ಜೊತೆಗೆ ನಿಲ್ಲುವಳು. ಬರುವಾಗ ಮತ್ತೊಮ್ಮೆ. ಎರಡರ ನಡುವಿನ ವ್ಯತ್ಯಾಸವೇ ಆ ದಿನ ಹಾಕಿದ ಹಾಲು. ಸೈಕಲ್ಲು, ಕ್ಯಾನು, ಹಾಲು, ಕಾಶವ್ವ ಎಲ್ಲ ಸೇರಿ ನೂರ ಮೂವತ್ತೆಂಟು ಕಿಲೋ. ಇಪ್ಪತ್ತೆರಡು ವರ್ಷದಲ್ಲಿ ಅವಳು ಆ ಕಾಟಾದ ಮೇಲೆ ಒಬ್ಬಳೇ ನಿಂತದ್ದಿಲ್ಲ. ಗುಡ್ಡ ಹತ್ತುವಾಗ ತೂಕ ಎಷ್ಟು ಎಂದು ಕೇಳಿದರೆ ಅವಳು ಬೇರೆ ಏನು ಹೇಳಿಯಾಳು?

ಶಶಿಧರ ಗಾಳಿ ಬಂದರೆ ಹಾರಿ ಹೋಗುವಂತಿದ್ದ ಅತ್ತೆಯನ್ನು ಒಮ್ಮೆ ನೋಡಿದ, ಫೋನನ್ನು ಒಮ್ಮೆ ನೋಡಿದ. ಮದುವೆಯಾದ ಎಂಟು ವರ್ಷದಲ್ಲಿ ಅತ್ತೆಯ ಮಾತಿಗೆ ಎದುರಾಡಿದವನಲ್ಲ. ಹೆಣ್ಣುಮಗಳ ತೂಕ ಕೇಳಿದ್ದೇ ಹೆಚ್ಚಾಯಿತು, ಇನ್ನು ಅದು ತಪ್ಪು ಎನ್ನುವ ಧೈರ್ಯ ಎಲ್ಲಿಂದ ತರುವುದು? ತಲೆ ತಗ್ಗಿಸಿ ಹೇಳಿದಷ್ಟನ್ನೇ ಒತ್ತಿದ.

ಗುಡ್ಡ ಶುರುವಾಯಿತು. ಮೊದಲನೆಯ ತುಳಿತಕ್ಕೇ ಪೆಡಲು ಕಲ್ಲಿನ ಹಾಗೆ ಕೂತಿತು. ಕಾಶವ್ವನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಏರಿಗೆ ಬಂದ ಸೈಕಲ್ಲು ಯಾವಾಗಲೂ ಹೀಗೆಯೇ. ತಲೆ ತಗ್ಗಿಸಿ, ತುಟಿ ಬಿಗಿದು ತುಳಿದಳು. ಟಿವಿಯಲ್ಲಿ ಸೀರೆಯಿಲ್ಲದ, ಚಡ್ಡಿ ತೊಟ್ಟ ಕಾಶವ್ವ ಇಂಚಿಂಚೇ ಮೇಲೆ ಸರಿಯುತ್ತಿದ್ದಳು. ಆ ಚಡ್ಡಿಯನ್ನು ನೋಡಬಾರದೆಂದು ಅವಳು ಮೊದಲೇ ನಿಶ್ಚಯಿಸಿಬಿಟ್ಟಿದ್ದಳು.

ತಮ್ಮ ತಮ್ಮ ಮನೆಯಲ್ಲಿ ಕೂತು ತುಳಿಯುವ ಯಾವ ಯಾವ ದೇಶದವರೋ ಟಿವಿಯೊಳಗೆ ಹಿಂದಿನಿಂದ ಬಂದರು, ಸರ್ರನೆ ದಾಟಿ ಹೋದರು. ಗಡ್ಡದವನು ಹೋದ, ಇಬ್ಬರು ಹುಡುಗಿಯರು ಹೋದರು. ಬಂದವರಿಗೆಲ್ಲ ದಾರಿ ಬಿಡಲು ಕಾಶವ್ವ ಎಡಕ್ಕೆ ವಾಲುತ್ತಿದ್ದಳು. ತಿರುವು ಬಂದರೆ ಹ್ಯಾಂಡಲ್ ಮೇಲೆ ಇಲ್ಲದ ಗಂಟೆಯನ್ನು ಹೆಬ್ಬೆರಳು ಹುಡುಕುತ್ತಿತ್ತು.

"ಹೋಗ್ರಿ, ಹೋಗ್ರಿ," ಎಂದಳು ಏದುಸಿರಿನಲ್ಲೇ. "ಖಾಲಿ ಅದೀರಿ, ಓಡ್ತೀರಿ."

ಮುಕ್ಕಾಲು ದಾರಿಯಲ್ಲಿ ಕಡಿದಾದ ಏರು ಬಂತು. ಇಂಥಲ್ಲಿ ದಿನಾ ಏನು ಮಾಡುತ್ತಾಳೋ ಅದನ್ನೇ ಮಾಡಿದಳು: ಚಂಗನೆ ಕೆಳಗಿಳಿದು, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಇಡೀ ಯಂತ್ರವನ್ನು ನೂಕತೊಡಗಿದಳು. ಸೈಕಲ್ಲು ರಬ್ಬರ್ ಚಾಪೆಯ ಸಮೇತ ಟಿವಿಯ ಕಡೆಗೆ ಒಂದು ಗೇಣು ಹೊರಟಿತು.

"ಅತ್ತೀ! ಇಳೀಬ್ಯಾಡ್ರೀ! ಟಿವಿ! ಟಿವಿ!" ಶಶಿಧರ ಎರಡೂ ಕೈ ಚಾಚಿ ಟಿವಿಗೆ ಅಡ್ಡ ನಿಂತ.

"ಏರೈತಲ್ರೀ! ನೂಕದ ಹ್ಯಾಂಗ ಒಯ್ಯೂದು?"

ಪದ್ಮಶ್ರೀ ಸೋಫಾದ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾಶವ್ವನಿಗೂ ನಗು ಬಂತು, ಆದರೆ ನಕ್ಕರೆ ಉಸಿರು ಹೋಗುತ್ತದೆಂದು ನುಂಗಿಕೊಂಡು ಮತ್ತೆ ಹತ್ತಿ ಕೂತಳು. ಇಳಿದದ್ದಕ್ಕೆ ಒಂದು ನಿಮಿಷ ಹೋಯಿತು. ತುದಿ ಮುಟ್ಟಿದಾಗ ಟಿವಿಯ ಮೇಲೆ ಅರವತ್ಮೂರು ನಿಮಿಷ ಎಂದು ಬಂತು.

ಕಾಶವ್ವ ಇಳಿದು ಚಾಪೆಯ ಮೇಲೆಯೇ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿದ್ದು ಬೆವರಷ್ಟೇ ಅಲ್ಲ. ಇಪ್ಪತ್ತೆರಡು ವರ್ಷ ನಂಬಿದ ಕಾಲು ಹೀಗೆ ಮಗಳ ಎದುರಿಗೇ ಕೈಕೊಟ್ಟಿತಲ್ಲ ಎಂದು ಅವಳಿಗೆ ಬಹಳ ನೋವಾಯಿತು. "ಆತು ಬಿಡವ್ವಾ," ಎಂದಳು. "ಮಾತು ಮಾತs. ನಾಳೆ ಗುಜರಿಯವಗ ಒಯ್ಯಾಕ ಹೇಳು."

ಗೆದ್ದ ಪದ್ಮಶ್ರೀಗೆ ಗೆದ್ದಂತೆ ಅನ್ನಿಸಲೇ ಇಲ್ಲ. ಅವ್ವನಿಗೆ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಳು. ಆಗ ಶಶಿಧರ, ಶಾಲೆ ತಪ್ಪಿಸಿ ಸಿಕ್ಕಿಬಿದ್ದ ಹುಡುಗನ ಹಾಗೆ ಕೈ ಹಿಸುಕಿಕೊಳ್ಳುತ್ತ ಬಾಯಿಬಿಟ್ಟ.

"ತೂಕ… ಅತ್ತಿ ನೂರಾ ಮೂವತ್ತೆಂಟು ಅಂದ್ರು. ನಾ ಅಷ್ಟs ಹಾಕೇನಿ. ತೂಕ ಹೆಚ್ಚಾದಷ್ಟು ಪೆಡಲ್ ಬಿಗಿ ಆಗತೈತಿ."

"ಎಷ್ಟು?" ಪದ್ಮಶ್ರೀ ಎದ್ದೇ ನಿಂತಳು. "ಇಕಿ ನೂರಾ ಮೂವತ್ತೆಂಟ? ನಿಮಗ ಕಣ್ಣಿಲ್ಲೇನ್ರೀ?"

"ಅತ್ತಿಯವ್ರಿಗೆ ಹ್ಯಾಂಗ ಹೇಳ್ಲಿ ನಾ?"

ಒಳಗಿನಿಂದ ತೂಕದ ಯಂತ್ರ ಬಂತು. ಕಾಶವ್ವ ಅದರ ಮೇಲೆ ನಿಂತು, ಅಭ್ಯಾಸಬಲದಿಂದ ಹ್ಯಾಂಡಲ್ ಹಿಡಿಯಲು ಪಕ್ಕಕ್ಕೆ ಕೈ ಚಾಚಿದಳು. ಕೈಗೆ ಏನೂ ಸಿಗಲಿಲ್ಲ. ಐವತ್ತನಾಲ್ಕು.

"ಇಷ್ಟs ಏನು ನಾನು?" ಎಂದಳು. ಅವಳಿಗೆ ನಿಜಕ್ಕೂ ನಂಬಿಕೆ ಬರಲಿಲ್ಲ. ಇಳಿದು ಮತ್ತೊಮ್ಮೆ ಹತ್ತಿದಳು. ಮತ್ತೆ ಐವತ್ತನಾಲ್ಕು. ಆಗ ಭರಮಪ್ಪನ ಕಾಟಾದ ಲೆಕ್ಕ ಅವಳ ಬಾಯಿಂದ ಹೊರಬಿತ್ತು: ಸೈಕಲ್ಲು, ಕ್ಯಾನು, ಹಾಲು ಎಲ್ಲ ಸೇರಿಯೇ ನೂರ ಮೂವತ್ತೆಂಟು.

"ಅಷ್ಟೂ ಹಾಲು ಹೊತಗೊಂಡು ಗುಡ್ಡಾ ಹತ್ತೀರಿ ಅತ್ತಿ," ಎಂದ ಶಶಿಧರ. ಅವನ ದನಿ ಸಣ್ಣದಾಗಿತ್ತು. ತಾನು ಹೊರೆಯೇನೂ ಇಲ್ಲದೆ ನಲವತ್ತೆಂಟು ನಿಮಿಷ ತೆಗೆದುಕೊಂಡದ್ದು ಅವನಿಗೆ ಈಗ ನೆನಪಾಗಿರಬೇಕು.

ಪದ್ಮಶ್ರೀ ಮತ್ತೊಂದು ಸಲ ಆಗಲೇಬೇಕು ಎಂದಳು. ಸೋತ ಅವ್ವನಿಗಿಂತ ಅವಳಿಗೇ ಅವಸರ. ಊಟವಾಯಿತು, ಕಾಶವ್ವ ಒಂದು ನಿದ್ದೆ ತೆಗೆದಳು, ಎದ್ದು ಚಹಾ ಕುಡಿದಳು. ಶಶಿಧರ ಐವತ್ತನಾಲ್ಕು ಎಂದು ಒತ್ತಿ, ಎರಡೆರಡು ಸಲ ತೋರಿಸಿದ.

ಮೊದಲ ತುಳಿತಕ್ಕೆ ಕಾಶವ್ವ ಕಿರುಚಿದಳು. ಕಾಲು ಬೇಕಿದ್ದಕ್ಕಿಂತ ಮುಂದೆ ಹೋಗಿಬಿಟ್ಟಿತ್ತು. ಸೈಕಲ್ಲು ಮುರಿಯಿತೆಂದೇ ತಿಳಿದಳು. ಇನ್ನೊಮ್ಮೆ ತುಳಿದಳು, ಮತ್ತೊಮ್ಮೆ ತುಳಿದಳು. ಟಿವಿಯ ಗುಡ್ಡ ತಾನೇ ಕೆಳಗೆ ಓಡಿ ಬರತೊಡಗಿತು.

"ಯವ್ವಾ! ಇದೇನs ಇದು!"

ಮುಂದೆ ಒಬ್ಬ ಸವಾರ ಕಂಡ, ಮರುಗಳಿಗೆ ಹಿಂದಾದ. ಇನ್ನೊಬ್ಬ ಕಂಡ, ಅವನೂ ಹಿಂದಾದ. "ಸರೀರಿ, ಬಾಜು ಸರೀರಿ!" ಎಂದು ಕಾಶವ್ವ ಟಿವಿಗೆ ಕೂಗಿದಳು. ಕನ್ನಡ ತಿಳಿಯದವರು ಇರಬಹುದೆಂದು ಮರಾಠಿಯಲ್ಲೂ ಕೂಗಿದಳು. ತಿರುವುಗಳು ಬಂದವು, ಪೈನ್ ಮರಗಳು ಬಂದವು, ದೂರದಲ್ಲಿ ಒಂದು ಕೆರೆ ಕಂಡಿತು. ಮುಂಜಾನೆ ಇದೇ ದಾರಿಯಲ್ಲಿ ಅವಳಿಗೆ ಕೆರೆ ಕಂಡೇ ಇರಲಿಲ್ಲ. ಹಾಲು ತುಳುಕೀತೆಂದು ರಸ್ತೆಯ ತಗ್ಗನ್ನಷ್ಟೇ ನೋಡಿ ರೂಢಿಯಾದ ಕಣ್ಣು ಅದು. ಗುಂಜಿಯ ದಾರಿಯಲ್ಲೂ ಕಾಡಿದೆ, ಹಳ್ಳವಿದೆ, ನವಿಲು ಕೂಗುವುದು ಕೇಳಿದ್ದಾಳೆ. ಒಂದು ದಿನವೂ ತಲೆಯೆತ್ತಿ ನೋಡಿದವಳಲ್ಲ.

ಕಡಿದಾದ ಏರಿನಲ್ಲಿ ಶಶಿಧರ ಮುಂಜಾಗ್ರತೆಗೆ ಟಿವಿಯ ಮುಂದೆ ನಿಂತುಕೊಂಡ. "ದಾರಿ ಬಿಡ್ರಿ ಅಳಿಯಾರ, ಗುಡ್ಡಾ ಕಾಣವಲ್ದು!" ಎಂದು ಕಾಶವ್ವ ಗದರಿಸಿ, ಕೂತಲ್ಲಿಂದಲೇ ಹತ್ತಿಬಿಟ್ಟಳು. ಅವಳು ನಗುತ್ತಿದ್ದಳು. ಉಸಿರು ಹೋದರೆ ಹೋಗಲಿ ಎಂದು, ಬಾಯಿತುಂಬ, ಸೆರಗು ಜಾರಿದ್ದರ ಪರಿವೆಯಿಲ್ಲದೆ ನಗುತ್ತಿದ್ದಳು. ಅವ್ವ ಹೀಗೆ ನಕ್ಕದ್ದನ್ನು ಪದ್ಮಶ್ರೀ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಇಪ್ಪತ್ತೇಳು ನಿಮಿಷ.

ಶಶಿಧರ ತನ್ನ ಟೋಪಿ ತೆಗೆದು ಅತ್ತೆಯ ಕೈಗೆ ಕೊಟ್ಟ. ಪದ್ಮಶ್ರೀ ಅವ್ವನ ಪಕ್ಕ ಬಂದು ನಿಂತಳು. "ಗೆದ್ದಿ ಬಿಡವ್ವಾ. ಇನ್ನ ಸೈಕಲ್ ಮಾತು ತಗ್ಯಾಂಗಿಲ್ಲ. ಹಾಲು ಒಯ್ಯಿ. ನಾ ಏನೂ ಅನ್ನಂಗಿಲ್ಲ."

ಕಾಶವ್ವ ಇನ್ನೂ ಸೀಟಿನಿಂದ ಇಳಿದಿರಲಿಲ್ಲ. ಪೆಡಲನ್ನು ಸುಮ್ಮನೆ ಒಮ್ಮೆ ತಿರುಗಿಸಿದಳು. ಅದರ ಹಗುರ ಅವಳಿಗೆ ಇನ್ನೂ ಸಾಕಾಗಿರಲಿಲ್ಲ.

"ಹಾಲು ಗಜಾನನನ ಟೆಂಪೋದಾಗ ಹೋಗ್ಲಿ," ಎಂದಳು.

"ಮತ್ತ ಸೈಕಲ್?"

"ಸೈಕಲ್ ನನಗ ಇರ್ಲಿ."

"ಹಾಲs ಇಲ್ಲಂದ್ರ ಸೈಕಲ್ ತಗೊಂಡು ಎಲ್ಲಿಗಿ ಹೋಗ್ತೀಯವ್ವಾ?"

ಕಾಶವ್ವ ಉತ್ತರಕ್ಕಾಗಿ ಯೋಚಿಸಿದಳು. ಖಾನಾಪುರ ಬಿಟ್ಟು ಬೇರೆ ಊರಿನ ಹೆಸರು ಸಟ್ಟನೆ ಬಾಯಿಗೆ ಬರಲಿಲ್ಲ. ಬಾರದ್ದಕ್ಕೇ ಅವಳಿಗೆ ಮತ್ತೆ ನಗು ಬಂತು.

"ಗೊತ್ತಿಲ್ಲ," ಎಂದಳು. "ನಾಳೆ ಹೋಗಿ ಬಂದು ಹೇಳತೇನಿ."