ಚುಕ್ಕೆಯ ವೇಗ

"ಮೋಸ! ಅದು ನನ್ನ ಗೆರೆಗೆ ತಾಗಿತ್ತು," ಎಂದು ತಮ್ಮ ಮಲಗಿದ್ದಲ್ಲಿಂದಲೇ ಕೂಗಿದ.

"ತಾಗಿದ್ರೆ ವಾಪಸ್ ಬರ್ತಿರ್ಲಿಲ್ವೇನೋ? ಯಂತ್ರಕ್ಕೆ ನಿನ್ನ ಹಾಗೆ ಸುಳ್ಳು ಹೇಳೋಕೆ ಬರಲ್ಲ," ಅಕ್ಕ ನಕ್ಕಳು.

ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದ ತಾಯಿ ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು. ಮಗನ ಬಾಯಿಂದ ಜಗಳದ ಮಾತು ಕೇಳಿ ಎಷ್ಟು ಕಾಲವಾಗಿತ್ತು! ಲೇತ್ ಯಂತ್ರದ ಮುಂದೆ ದಿನವಿಡೀ ನಿಂತು ದುಡಿದು, ಸಂಜೆ ಕಾರ್ಖಾನೆಯ ಟೇಬಲ್ ಟೆನಿಸ್ ಮೇಜಿನಲ್ಲಿ ಬಂದವರೆಲ್ಲರ ಬೆವರಿಳಿಸಿ ಕಳಿಸುತ್ತಿದ್ದ ಹುಡುಗ. ಮೊದಲು ಪಾದ ಎಡವತೊಡಗಿತು. ಆಮೇಲೆ ಮೆಟ್ಟಿಲು ಹತ್ತುವಾಗ ಮೊಣಕಾಲು ಕುಸಿಯಿತು. ನರಗಳು ಒಂದೊಂದಾಗಿ ಸೋಲುವ ಕಾಯಿಲೆ, ಮೇಲಕ್ಕೇರುತ್ತಲೇ ಹೋಗುತ್ತದೆ ಎಂದ ಡಾಕ್ಟರು ಕನ್ನಡಕ ಒರೆಸಿಕೊಂಡಿದ್ದರು. ಈಗ ಕುತ್ತಿಗೆಯ ಕೆಳಗೆ ಅವನ ಮಾತು ಕೇಳುತ್ತಿದ್ದುದು ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ.

ಆ ಎರಡು ಬೆರಳಿಗಾಗಿಯೇ ಅಕ್ಕ ಈ ಆಟ ಕಟ್ಟಿದ್ದಳು. ಅವಳಿಗೆ ರೇಡಿಯೋ ಕಾರ್ಖಾನೆಯಲ್ಲಿ ಮೀಟರುಗಳನ್ನು ರಿಪೇರಿ ಮಾಡುವ ಕೆಲಸ. ವಿದ್ಯುತ್ತಿನ ಅಲೆಗಳನ್ನು ಹಸಿರು ಗೆರೆಯಾಗಿ ತೋರಿಸುವ ಹಳೆಯ ಆಸಿಲೋಸ್ಕೋಪ್ ಒಂದು ಅಲ್ಲಿ ಮೂಲೆಗೆ ಬಿದ್ದಿತ್ತು. "ತಗೊಂಡ್ಹೋಗಮ್ಮ, ಇಲ್ಲಿದ್ರೆ ಧೂಳು ತಿನ್ನುತ್ತೆ ಅಷ್ಟೆ," ಎಂದಿದ್ದರು ಮೇಸ್ತ್ರಿ. ಅದನ್ನು ಬಿಚ್ಚಿ, ಒರೆಸಿ, ಪಕ್ಕಕ್ಕೆ ತಾನೇ ಬೆಸುಗೆ ಹಾಕಿದ ಸರ್ಕ್ಯೂಟು ಜೋಡಿಸಿದಾಗ ಅಂಗೈಯಗಲದ ದುಂಡು ಪರದೆಯಲ್ಲಿ ಒಂದು ಹಸಿರು ಚುಕ್ಕೆ ಅತ್ತಿಂದಿತ್ತ ಪುಟಿಯತೊಡಗಿತು. ಎರಡು ತುದಿಗೆ ಎರಡು ಗಿಡ್ಡ ಗೆರೆಗಳು, ಇಬ್ಬರ ಬ್ಯಾಟುಗಳು. ಗುಂಡಿ ತಿರುಗಿಸಿದರೆ ಗೆರೆ ಮೇಲೆ ಕೆಳಗೆ ಸರಿಯುತ್ತಿತ್ತು. ತಮ್ಮನ ಗುಂಡಿಗೆ ಎಣ್ಣೆ ಬಿಟ್ಟು, ಊದಿದರೆ ತಿರುಗುವಷ್ಟು ಸಡಿಲ ಮಾಡಿದ್ದಳು.

ಬೇಸಿಗೆ ಮುಗಿಯುವವರೆಗೂ ಮನೆಯಲ್ಲಿ ಗಲಾಟೆಯೋ ಗಲಾಟೆ. ಅಕ್ಕ ಸೋತರೆ ಅವನು ಉಗುಳು ನೆತ್ತಿಗೇರುವಂತೆ ನಗುತ್ತಿದ್ದ. ತಾಯಿ ಬಂದು ಎದೆ ನೀವುತ್ತಿದ್ದಳು.

ಆಮೇಲೆ ಚುಕ್ಕೆ ಅವನ ಗೆರೆಯನ್ನು ತಪ್ಪಿಸಿಕೊಂಡು ಹೋಗುವುದು ಹೆಚ್ಚಾಯಿತು. ಅವನು ನಿದ್ದೆಯಲ್ಲಿದ್ದಾಗ ಅಕ್ಕ ಹಿಂಬದಿಯ ಮುಚ್ಚಳ ತೆಗೆದು, ಚುಕ್ಕೆಯ ವೇಗ ಹಿಡಿದಿಡುವ ಕೆಪಾಸಿಟರ್ ಬದಲಿಸಿದಳು. ಚುಕ್ಕೆ ತುಸು ನಿಧಾನವಾಯಿತು. ಅವನು ಮತ್ತೆ ಗೆಲ್ಲತೊಡಗಿದ. ಕೆಲವು ವಾರಗಳಲ್ಲೇ ಇನ್ನೂ ದೊಡ್ಡದೊಂದನ್ನು ಹಾಕಬೇಕಾಯಿತು. ನಂತರ ಮತ್ತೊಂದನ್ನು. ಬೆಸುಗೆಯ ಹೊಗೆಗೆ ಕಣ್ಣುರಿಯುತ್ತದೆ ಎಂದು ಅವಳು ತಾಯಿಗೆ ಹೇಳುತ್ತಿದ್ದಳು.

ಒಂದು ಭಾನುವಾರ ಅವನು ಆಟದ ನಡುವೆ ಗುಂಡಿಯಿಂದ ಬೆರಳು ಸರಿಸಿದ. "ಅಕ್ಕ, ಇದನ್ನ ನಿಧಾನ ಮಾಡ್ತಿದೀಯ." ಮಾತು ಈಗೀಗ ತೊದಲುತ್ತಿತ್ತು.

"ಹಳೇ ಯಂತ್ರ ಕಣೋ. ಬಿಸಿಯಾದ್ರೆ ಎಳೆಯುತ್ತೆ."

"ನನ್ನೇನು ಮೂರ್ಖ ಅಂದ್ಕೊಂಡ್ಯಾ?"

ಚುಕ್ಕೆ ಆ ತುದಿಯಿಂದ ಈ ತುದಿಗೆ ತೆವಳುತ್ತ ಬಂತು.

"ಮೊದಲು ಎಷ್ಟು ಜೋರಿತ್ತೋ ಅಷ್ಟಕ್ಕೇ ಇಡು. ಕೈ ಕಾಲು ಹೋಗಿದ್ದು ಹೋಯ್ತು. ಆಡೋ ಆಟಾನಾದ್ರೂ ನಿಜ ಇರ್ಲಿ. ನೀನೂ ಬಿಟ್ಟುಕೊಡಬೇಡ."

ಅವಳು ಅವನ ಕಣ್ಣೆದುರೇ ಮುಚ್ಚಳ ಬಿಚ್ಚಿ ಮೊದಲಿನ ಕೆಪಾಸಿಟರನ್ನು ಹಾಕಿದಳು. ಎರಡು ಸಲ ಬೆಸುಗೆ ತಪ್ಪಿತು. ಚುಕ್ಕೆ ಚಂಗನೆ ಹಾರಿತು. ಅವನ ಗೆರೆ ಅರ್ಧ ದಾರಿಯಲ್ಲಿರುವಾಗಲೇ ಆಚೆ ದಾಟಿಹೋಯಿತು. ಮತ್ತೊಮ್ಮೆ. ಮಗದೊಮ್ಮೆ. ಅವನ ಹಣೆಯ ನರ ಉಬ್ಬಿತು, ಮೇಲ್ತುಟಿಯ ಮೇಲೆ ಬೆವರು ಮೂಡಿತು. ಅಕ್ಕ ಹಲ್ಲು ಕಚ್ಚಿ ಆಡಿದಳು, ಒಂದನ್ನೂ ಬಿಡಲಿಲ್ಲ.

ಬಾಗಿಲಲ್ಲಿ ನಿಂತಿದ್ದ ತಾಯಿಗೆ ತಡೆಯಲಾಗಲಿಲ್ಲ. "ಏನೇ ನಿಂದು ಕಟುಕರ ಬುದ್ಧಿ! ಒಂದಾದ್ರೂ ಅವ್ನಿಗೆ ಬಿಡಬಾರ್ದಾ?"

"ಸುಮ್ನಿರಮ್ಮ," ಎಂದ ಮಗ. "ಸೋಲ್ತಿರೋದು ನಾನು. ಸರಿಯಾಗಿ ಸೋಲ್ತಿದೀನಿ."

ಮೊದಲು ತೋರುಬೆರಳು, ಚಳಿ ಬೀಳುವ ಹೊತ್ತಿಗೆ ಹೆಬ್ಬೆರಳೂ ಸುಮ್ಮನಾಯಿತು. ಅಕ್ಕ ಯಂತ್ರದ ಮೇಲೆ ಬಟ್ಟೆ ಹೊದಿಸಿ ಮಂಚದಡಿ ತಳ್ಳಹೋದಳು. ತಮ್ಮ ಗಂಟಲಲ್ಲೇ ಸದ್ದು ಮಾಡಿ ಬೇಡವೆಂದ. ಕಣ್ಣು ತಾಯಿಯತ್ತ, ಆಮೇಲೆ ತನ್ನ ಗುಂಡಿಯತ್ತ ಹೊರಳಿಸಿದ. ತಾಯಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ನಾನಾ? ಅಯ್ಯೋ, ನಂಗೇನು ಬರುತ್ತಪ್ಪಾ ಇದು!"

ಆದರೂ ಸೆರಗಿಗೆ ಕೈ ಒರೆಸಿಕೊಂಡು ಮಂಚದ ಅಂಚಿಗೆ ಕೂತು ಅವನ ಗುಂಡಿಯನ್ನು ಹಿಡಿದಳು. ಅಕ್ಕ ಎದುರು ಕೂತು ಸ್ವಿಚ್ ಹಾಕಿದಳು. ಚುಕ್ಕೆ ಹೊರಟಿತು. ತಮ್ಮನ ತುಟಿ ಅಲುಗಿತು, ನಾಲಿಗೆ ತಡಕಾಡಿತು. "ಮೇ... ಲೆ," ಎಂಬ ಮಾತು ಹೊರಬೀಳುವಷ್ಟರಲ್ಲಿ ಚುಕ್ಕೆ ಪರದೆಯಾಚೆ ಹೋಗಿಯಾಗಿತ್ತು.

ತಾಯಿ ಗುಂಡಿಯನ್ನು ಮೆಲ್ಲಗೆ ತಿರುಗಿಸಿ, ಅವನು ಹೇಳಿದಂತೆ ಗೆರೆಯನ್ನು ಮೇಲಕ್ಕೆ ಏರಿಸಿದಳು. ಅಲ್ಲೇ ಹಿಡಿದುಕೊಂಡು ಕೂತಳು.